ಜೀರ್ಣೋದ್ಧಾರವೋ, ನೂತನ ಪ್ರತಿಷ್ಠೆಯೋ?

ವೇಗದ ಕಾರುಗಳನ್ನು ಕುರಿತು ಬರೆಯುವವರು ಎಂಜಿನ್ನಿನ ಅಶ್ವಶಕ್ತಿಯನ್ನೂ ಮೈಮಾಟದ ಲಾವಣ್ಯವನ್ನೂ ಮನದಣಿಯೆ ವರ್ಣಿಸಿ ತೃಪ್ತರಾಗುತ್ತಾರೆ. ಆ ಶಕ್ತಿಯನ್ನು ಚಕ್ರಗಳಿಗೆ ಒಪ್ಪಿಸುತ್ತ, ಒಪ್ಪಿಸಿದಷ್ಟೂ ತಾನು ಸವೆಯುತ್ತ ಹೋಗುವ ಕ್ಲಚ್ಚಿನ ಮಾತು ಬರುವುದು, ಅದು ಕೆಟ್ಟು ಗ್ಯಾರೇಜಿನಿಂದ ಎಸ್ಟಿಮೇಟು ಕೈಗೆ ಬಂದ ಮೇಲೆಯೇ. ಆ ಕಾಗದವನ್ನು ನೋಡಿ ಬೆವರಿದ ಒಡೆಯನು ಮೊದಲು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: ಇದ್ದುದನ್ನೇ ಬಿಚ್ಚಿ, ಸವೆದುದನ್ನು ತುಂಬಿ, ಮತ್ತೆ ಕಟ್ಟಿಸಬಹುದೇ, ಅಥವಾ ಇಡೀ ಸೆಟ್ಟನ್ನೇ ಎಸೆದು ಹೊಸದನ್ನು ಕೂರಿಸಬೇಕೇ? ಪ್ರಶ್ನೆ ಸಹಜವಾದುದೇ, ಆದರೆ ಕ್ಲಚ್ಚೆಂಬುದು ಒಂದು ವಸ್ತುವೆಂದು ಭಾವಿಸಿ ಕೇಳಿದ ಪ್ರಶ್ನೆ ಅದು. ವಾಸ್ತವದಲ್ಲಿ ಅದು ನಾಲ್ಕೈದು ಅಂಗಗಳ ಕೂಟ: ಎಂಜಿನ್ನಿನೊಡನೆ ತಿರುಗುವ ಫ್ಲೈವೀಲು, ಎರಡೂ ಮುಖಗಳಲ್ಲಿ ಉಜ್ಜುವ ಲೈನಿಂಗನ್ನು ಹೊತ್ತ ಪ್ಲೇಟು, ಅದನ್ನು ಫ್ಲೈವೀಲಿಗೆ ಒತ್ತುವ, ಹೊದಿಕೆಯೊಳಗಿನ ಪ್ರೆಷರ್ ಪ್ಲೇಟು, ಪೆಡಲು ತುಳಿದಾಗ ಆ ಒತ್ತನ್ನು ಸಡಿಲಿಸುವ ರಿಲೀಸ್ ಬೇರಿಂಗು. ಒಂದೊಂದು ಅಂಗವೂ ಒಂದೊಂದು ಬಗೆಯಲ್ಲಿ ಮುಪ್ಪಾಗುತ್ತದೆ, ಆದುದರಿಂದ ಒಂದೊಂದಕ್ಕೂ ಬೇರೆಬೇರೆಯ ತೀರ್ಪು ಸಲ್ಲಬೇಕಾಗುತ್ತದೆ.

ಈ ವಿಚಾರಕ್ಕೆ ಒಂದು ನಿರ್ದಿಷ್ಟ ಕಾರನ್ನೇ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಇಟಲಿಯ ಮರನೆಲ್ಲೊ ಊರಿನಲ್ಲಿ 1994ರಿಂದ 1999ರವರೆಗೆ ನಿರ್ಮಾಣಗೊಂಡ ಫೆರಾರಿ ಎಫ್355, ಮೂರೂವರೆ ಲೀಟರಿನ, ಎಂಟು ಸಿಲಿಂಡರಿನ, ಸಿಲಿಂಡರೊಂದಕ್ಕೆ ಐದು ವಾಲ್ವುಗಳುಳ್ಳ ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡ ವಾಹನ. ನಿಮಿಷಕ್ಕೆ 8250 ಸುತ್ತಿನಲ್ಲಿ 380 ಅಶ್ವಶಕ್ತಿ ಅದರ ಪ್ರಸಿದ್ಧಿ. ಇದನ್ನೇ ಆರಿಸಿದುದಕ್ಕೆ ಕಾರಣವುಂಟು. ಬಹುತೇಕ ಕಾರುಗಳಲ್ಲಿ ಕ್ಲಚ್ಚು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಅಡಗಿ ಕುಳಿತಿರುವುದರಿಂದ, ಅದರ ಮುಖದರ್ಶನಕ್ಕಾಗಿಯೇ ಗೇರ್‌ಬಾಕ್ಸನ್ನು ಇಳಿಸಬೇಕು. ಇಳಿಸುವ ಕೂಲಿ ಒಳಗಿನ ಬಿಡಿಭಾಗಗಳ ಬೆಲೆಯನ್ನೂ ಮೀರುವುದುಂಟಾದ್ದರಿಂದ, ಎರಡನೆಯ ಸಲ ಇಳಿಸುವ ಭಯಕ್ಕೇ ಒಡೆಯನು ಎಲ್ಲವನ್ನೂ ಹೊಸದಾಗಿ ಹಾಕಿಸಿಬಿಡುತ್ತಾನೆ. ಎಫ್355ರಲ್ಲಾದರೋ ಎಂಜಿನ್ನಿನ ದಂಡವು ಗೇರ್‌ಬಾಕ್ಸನ್ನು ದಾಟಿ ಹಿಂದಕ್ಕೆ ಬಂದು, ಕ್ಲಚ್ಚನ್ನು ವಾಹನದ ಹಿಂದುತುದಿಯಲ್ಲಿ, ಬಂಪರಿನ ಸಮೀಪದಲ್ಲಿಯೇ ಹಿಡಿದುಕೊಂಡಿದೆ. ಟೈಮಿಂಗ್ ಬೆಲ್ಟುಗಳನ್ನು ಬದಲಿಸಬೇಕೆಂದರೆ ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕಾದ ಇದೇ ಕಾರಿನಲ್ಲಿ, ಕ್ಲಚ್ಚನ್ನು ಮಾತ್ರ ಎಂಜಿನ್ನು ಕದಲದಂತೆಯೇ ಬಿಚ್ಚಬಹುದು. ಕೂಲಿಯ ಮೋಡ ಸರಿದುದರಿಂದ ಇಲ್ಲಿ ಪ್ರಶ್ನೆ ತನ್ನ ನಿಜರೂಪದಲ್ಲಿ ಗೋಚರಿಸುತ್ತದೆ.

ಕ್ಲಚ್ಚಿನ ಹಿಡಿತವನ್ನು ನಿರ್ಣಯಿಸುವ ಸಂಗತಿಗಳು ನಾಲ್ಕೇ: ಒತ್ತುವ ಬಲ, ಉಜ್ಜುವ ಮುಖಗಳ ಸಂಖ್ಯೆ, ಅವುಗಳ ಸರಾಸರಿ ತ್ರಿಜ್ಯ, ಘರ್ಷಣೆಯ ಗುಣಾಂಕ. ಈ ಕಾರಿನ ತಿರುಗುಬಲ, ಅಂದರೆ ಮೆಕ್ಯಾನಿಕ್ಕುಗಳು ಟಾರ್ಕ್ ಎನ್ನುವುದು, 363 ನ್ಯೂಟನ್ ಮೀಟರ್. ಇದಕ್ಕಿಂತ ಸುಮಾರು ಶೇಕಡಾ ಮೂವತ್ತರಷ್ಟು ಹೆಚ್ಚಾಗಿ, 470ರವರೆಗೆ ತಡೆಯಬಲ್ಲ ಒಂಟಿ ಪ್ಲೇಟಿನ ಕ್ಲಚ್ಚೊಂದನ್ನು ಕಲ್ಪಿಸಿಕೊಂಡು, ತ್ರಿಜ್ಯವನ್ನು 10 ಸೆಂಟಿಮೀಟರೆಂದೂ ಗುಣಾಂಕವನ್ನು 0.3 ಎಂದೂ ಹಿಡಿದರೆ, ಪ್ರೆಷರ್ ಪ್ಲೇಟು ಸರಿಸುಮಾರು 800 ಕಿಲೋಗ್ರಾಂ ತೂಕದ ಬಲದಿಂದ ಒತ್ತಬೇಕೆಂದು ಲೆಕ್ಕ ಹೇಳುತ್ತದೆ. ಅದೇ ಒತ್ತಡದಲ್ಲಿ, ಎಣ್ಣೆಯ ಸೋರಿಕೆಯಿಂದಲೋ ಅತಿಯಾದ ಶಾಖದಿಂದಲೋ ಗುಣಾಂಕವು 0.2ಕ್ಕೆ ಇಳಿಯಿತೆನ್ನಿ, ಹಿಡಿತ ಸುಮಾರು 313ಕ್ಕೆ ಕುಸಿಯುತ್ತದೆ. ಊರೊಳಗೆ ಮೆಲ್ಲಗೆ ಓಡಿಸುವವನಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಅವನು ಅಷ್ಟನ್ನು ಎಂದೂ ಕೇಳುವವನಲ್ಲ. ಹೆದ್ದಾರಿಯಲ್ಲಿ ಮೇಲಿನ ಗೇರಿನಲ್ಲಿದ್ದಾಗ ಆಕ್ಸಲರೇಟರನ್ನು ಪೂರ್ತಿ ತುಳಿದವನಿಗೆ ಮಾತ್ರ, ಎಂಜಿನ್ನಿನ ಮುಳ್ಳು ಮೇಲಕ್ಕೆ ಹಾರಿ, ಸ್ಪೀಡೋಮೀಟರಿನ ಮುಳ್ಳು ಇದ್ದಲ್ಲಿಯೇ ಉಳಿದು, ಕ್ಲಚ್ಚು ಸ್ಲಿಪ್ಪಾಗುತ್ತಿರುವುದು ಪ್ರತ್ಯಕ್ಷವಾಗುತ್ತದೆ. ಹಳೆಯ ಕಾರನ್ನು ಕೊಳ್ಳಲು ಹೋದವರು ನಿಂತ ಕಾರಿನಲ್ಲೇ ಪೆಡಲನ್ನು ನಾಲ್ಕು ಸಲ ಅದುಮಿ ನೋಡಿ ತಲೆದೂಗುವುದರಲ್ಲಿ ಅರ್ಥವಿಲ್ಲದಿರುವುದು ಇದರಿಂದಲೇ.

ಸವೆತದ ಮೂಲ ಶಾಖ. ಎಂಜಿನ್ನಿನ ವೇಗವನ್ನು ಒಂದೇ ಸಮನೆ ಇಟ್ಟುಕೊಂಡು ನಿಂತ ಕಾರನ್ನು ಎಬ್ಬಿಸಿದಾಗ, ಕ್ಲಚ್ಚು ಪೂರ್ತಿ ಹಿಡಿಯುವ ಹೊತ್ತಿಗೆ ಕಾರಿಗೆ ಎಷ್ಟು ಚಲನಶಕ್ತಿ ದೊರೆತಿರುತ್ತದೆಯೋ ಅಷ್ಟೇ ಶಕ್ತಿ ಕ್ಲಚ್ಚಿನ ಮುಖಗಳ ಮೇಲೆ ಶಾಖವಾಗಿ ಸುರಿದಿರುತ್ತದೆ, ಅರ್ಧಕ್ಕರ್ಧ ಸುಂಕ. 1,400 ಕಿಲೋಗ್ರಾಮಿನ ಕಾರನ್ನು ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ತಂದರೆ ಈ ಸುಂಕ ಸುಮಾರು 49 ಕಿಲೋಜೂಲ್. ಶಾಖವನ್ನು ನುಂಗುವ ಲೋಹ ಐದು ಕಿಲೋಗ್ರಾಮಿನಷ್ಟಿದ್ದರೆ ಒಂದೊಂದು ಸಲವೂ 20 ಡಿಗ್ರಿ ಏರುತ್ತದೆ. ರೇಸಿನ ಕಾರುಗಳಿಗೆಂದು ಹಗುರ ಮಾಡಿ ಎರಡೇ ಕಿಲೋಗ್ರಾಮಿಗೆ ಇಳಿಸಿದ ಪುಟ್ಟ ಕ್ಲಚ್ಚಾದರೆ 50 ಡಿಗ್ರಿ. ಆರುವುದಕ್ಕೆ ಬಿಡುವು ಕೊಡದೆ ಏರುರಸ್ತೆಯಲ್ಲಿ ಐದಾರು ಸಲ ಹೀಗೆ ಎಬ್ಬಿಸಿದರೆ, ಸಾಮಾನ್ಯ ಲೈನಿಂಗನ್ನು ಬಂಧಿಸಿಟ್ಟ ರಾಳ ಸುಡತೊಡಗುವ ಉಷ್ಣತೆಗೆ ನಾವು ಬಂದೇ ಬಿಡುತ್ತೇವೆ. ಭಾನುವಾರದ ಬೆಳಗಿನ ಜಾವ ನಂದಿಬೆಟ್ಟದ ಕಡೆಗೆ ಹಾರಿಹೋಗುವ ಬೆಂಗಳೂರಿನ ಬೆಲೆಬಾಳುವ ಕಾರುಗಳ ಕ್ಲಚ್ಚು ಸವೆಯುವುದು ಆ ಹಾರಾಟದಲ್ಲಲ್ಲ. ಬಿಸಿಲೇರಿದ ಮೇಲೆ ಹಿಂದಿರುಗುತ್ತ ಹೆಬ್ಬಾಳದ ಸಂದಣಿಯಲ್ಲಿ ಹಾಫ್ ಕ್ಲಚ್ಚಿನಲ್ಲಿ ತೆವಳುವಾಗ. ಗೇರು ಒಮ್ಮೆ ಬಿದ್ದು ಕ್ಲಚ್ಚು ಪೂರ್ತಿ ಹಿಡಿದ ಮೇಲೆ, ಗಂಟೆಗೆ ಇನ್ನೂರು ಕಿಲೋಮೀಟರಿನಲ್ಲಿ ಓಡಿದರೂ ಅಲ್ಲಿ ಉಜ್ಜಾಟವೇ ಇರುವುದಿಲ್ಲ.

ಈಗ ಬಿಚ್ಚಿದ ಕ್ಲಚ್ಚಿನ ಮುಂದೆ ಕುಳಿತುಕೊಳ್ಳೋಣ. ಬಿಚ್ಚುವ ಮೊದಲೇ ಬಲ್ಲ ಮೆಕ್ಯಾನಿಕ್ಕು ಹೊದಿಕೆಯ ಅಂಚಿಗೂ ಫ್ಲೈವೀಲಿನ ಅಂಚಿಗೂ ಕೂಡುವಂತೆ ಒಂದು ಗುರುತು ಕೊರೆದಿರುತ್ತಾನೆ. ಅದರ ಪ್ರಯೋಜನ ಮುಂದೆ ತಿಳಿಯುತ್ತದೆ. ಹಳೆಯ ಕಾಲದ ಕಾರಾಗಿದ್ದರೆ ಒಳಗಿನ ಕರಿಯ ಪುಡಿಯನ್ನು ಗಾಳಿ ಹೊಡೆದು ಹಾರಿಸುವುದು ಕೂಡದು: ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆಯ ಬಟ್ಟೆಯಿಂದ ಒರೆಸಿ, ಪ್ಲೇಟನ್ನು ಬೆಳಕಿಗೆ ಹಿಡಿಯಬೇಕು. ಲೈನಿಂಗಿನ ಮೇಲ್ಮೈಯಿಂದ ರಿವೆಟ್ಟಿನ ತಲೆ ಎಷ್ಟು ಒಳಗಿದೆಯೆಂಬುದನ್ನು ವರ್ನಿಯರಿನ ಬಾಲದಿಂದ ಅಳೆಯುವುದು ಮೊದಲ ಕೆಲಸ. ಎರಡೂ ಮುಖಗಳಲ್ಲಿ, ಸುತ್ತಲೂ ನಾಲ್ಕಾರು ಕಡೆ ಅಳೆಯಬೇಕು, ಏಕೆಂದರೆ ಒಂದು ಮುಖ ಮಾತ್ರ ಸವೆದಿದ್ದರೆ ದೋಷ ಲೈನಿಂಗಿನದಲ್ಲ, ಪ್ಲೇಟು ದಂಡದ ಹಲ್ಲುಗಳ ಮೇಲೆ ಸಲೀಸಾಗಿ ಜಾರದೆ ಒಂದೇ ಕಡೆ ಒತ್ತಿಕೊಂಡು ನಿಂತುದರದು. ಲೈನಿಂಗು ಇನ್ನೂ ದಪ್ಪವಿದ್ದು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಶಾಖಕ್ಕೆ ಬಲಿಯಾದುದು. ಕಪ್ಪಾಗಿ ಜಿಡ್ಡಾಗಿದ್ದರೆ ಎಣ್ಣೆಗೆ. ಎರಡನೆಯ ಸಂದರ್ಭದಲ್ಲಿ ಹೊಸ ಪ್ಲೇಟನ್ನು ತಂದು ಹಾಕಿ ಕೈತೊಳೆದುಕೊಂಡವನು, ಸೋರುವ ಸೀಲನ್ನು ಹಾಗೆಯೇ ಬಿಟ್ಟಿದ್ದರೆ, ಮತ್ತೊಂದು ಪ್ಲೇಟಿಗೆ ಈಗಲೇ ಹಣ ಕೂಡಿಡುವುದು ಮೇಲು.

ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸುವ ವಿದ್ಯೆ ನಮ್ಮ ನಾಡಿಗೆ ಚಿರಪರಿಚಿತವಾದುದು. ಲಾರಿಗಳ ಕ್ಲಚ್ ಪ್ಲೇಟುಗಳಿಂದ ಹಳೆಯ ರಿವೆಟ್ಟುಗಳನ್ನು ಕೊರೆದು ತೆಗೆದು, ಹೊಸ ಲೈನಿಂಗನ್ನು ಕೂರಿಸಿ, ರಿವೆಟ್ಟನ್ನು ಬಡಿದು ಮಗುಚುವ ಕಸುಬು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮೋಟಾರು ಬೀದಿಗಳಿಗೂ ಹೆದ್ದಾರಿಯ ಗ್ಯಾರೇಜುಗಳಿಗೂ ಹೊಸತಲ್ಲ. ಅದನ್ನು ಕೀಳಾಗಿ ಕಾಣುವುದು ಅವಿವೇಕ. ಆದರೆ ಅದೇ ಕೈಯಿಗೆ ಎಫ್355ರ ಪ್ಲೇಟನ್ನು ಒಪ್ಪಿಸಬಹುದೇ ಎಂದರೆ, ಕೂಡದೆಂದೇ ನನ್ನ ಖಚಿತವಾದ ಅಭಿಪ್ರಾಯ. ಇದರಲ್ಲಿ ಕಸುಬಿನ ಮೇಲಣ ಅವಿಶ್ವಾಸವೇನೂ ಇಲ್ಲ, ಗಣಿತದ ಮೇಲಣ ಗೌರವವಿದೆ. ಕೇಂದ್ರದಿಂದ ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಿಮಿಷಕ್ಕೆ 2500 ಸುತ್ತಿನ ಲಾರಿಯ ಎಂಜಿನ್ನಿಗೂ 8250 ಸುತ್ತಿನ ಈ ಎಂಜಿನ್ನಿಗೂ, ಒಂದೇ ಅಳತೆಯ ಪ್ಲೇಟನ್ನು ಹಾಕಿದರೆ, ಆ ರಿವೆಟ್ಟುಗಳ ಮೇಲೆ ಬೀಳುವ ಎಳೆತ ಸುಮಾರು ಹನ್ನೊಂದು ಪಟ್ಟು. ಲಾರಿಯಲ್ಲಿ ವರ್ಷಾನುಗಟ್ಟಲೆ ಬಾಳಿದ ರಿವೆಟ್ಟು ಇಲ್ಲಿ ಬಾಳೀತೆಂಬುದಕ್ಕೆ ಆಧಾರವಿಲ್ಲ; ಲೈನಿಂಗು ಹರಿದು ಸಿಡಿದರೆ ಕವಚವನ್ನೇ ಸೀಳಬಲ್ಲದು. ಆದುದರಿಂದಲೇ ಕ್ಲಚ್ಚು ತಯಾರಿಸುವವರು ಹೊಸ ವಿನ್ಯಾಸದ ಪ್ಲೇಟುಗಳನ್ನು ಬಿಸಿ ಮಾಡಿ, ಒಡೆಯುವ ತನಕ ತಿರುಗಿಸಿ ಪರೀಕ್ಷಿಸುವುದು. ಹಾಗೆ ಪರೀಕ್ಷಿಸಿದ ಲೈನಿಂಗನ್ನೇ, ಹಾಗೆ ಪರೀಕ್ಷಿಸಿದ ವಿಧಾನದಲ್ಲೇ ಕೂರಿಸುವ ತಜ್ಞರು ಇದ್ದರೆ ಮಾತು ಬೇರೆ. ಬಿಡಿಭಾಗವೇ ಸಿಗದಂತಾಗಿರುವ ಐವತ್ತು ಅರವತ್ತು ವರ್ಷಗಳ ಹಿಂದಿನ ಕಾರುಗಳಿಗೆ ಅಂಥವರೇ ಗತಿ. ಪ್ಲೇಟು ಅಂಗಡಿಯಲ್ಲಿ ದೊರೆಯುತ್ತಿರುವಾಗ ಹಳೆಯದಕ್ಕೆ ಲೈನಿಂಗ್ ಹೊಡೆಸುವುದು ಉಳಿತಾಯವಲ್ಲ.

ಪ್ರೆಷರ್ ಪ್ಲೇಟಿನ ವಿಚಾರ ಇಷ್ಟು ಸರಳವಲ್ಲ. ಅದರ ಎರಕದ ಮುಖದ ಮೇಲೆ ನೀಲಿಯ ಕಲೆಗಳು ಚದುರಿರುವುದುಂಟು. ಅಲ್ಲಲ್ಲಿ ಕೂದಲೆಳೆಯಂಥ ಬಿರುಕುಗಳು ಕೇಂದ್ರದಿಂದ ಅಂಚಿನ ಕಡೆಗೆ ಹೊರಟಿರುವುದುಂಟು. ಉಗುರಿಗೆ ತಾಕದ ಬಿರುಕು ಕ್ಷಮ್ಯ. ಅಂಚನ್ನು ಮುಟ್ಟಿದ ಬಿರುಕು ಅಕ್ಷಮ್ಯ. ನೇರವಾದ ಉಕ್ಕಿನ ಪಟ್ಟಿಯೊಂದನ್ನು ಅಡ್ಡಲಾಗಿಟ್ಟು ಫೀಲರ್ ಗೇಜನ್ನು ಕೆಳಗೆ ತೂರಿಸಿದರೆ, ಬಹುಕಾಲ ಬೆಂದ ಪ್ಲೇಟು ತಟ್ಟೆಯಂತೆ ಕುಳಿಬಿದ್ದಿರುವುದು ಗೊತ್ತಾಗುತ್ತದೆ. ಇದನ್ನು ಗ್ರೈಂಡಿಂಗ್ ಮಾಡಿಸಿ ಸಮ ಮಾಡಿದರೆ ಕಣ್ಣಿಗೆ ಹೊಸದರಂತೆಯೇ ಕಾಣುವುದು ನಿಜ. ಆದರೆ ಕಣ್ಣಿಗೆ ಕಾಣದ ಸಂಗತಿಯೊಂದುಂಟು: ಒತ್ತುವ ಕೆಲಸ ಮಾಡುವ ಡಯಾಫ್ರಮ್ ಸ್ಪ್ರಿಂಗು ತನ್ನ ಬಲವನ್ನು ತಾನು ಎಷ್ಟು ಬಾಗಿದ್ದೇನೆಂಬುದಕ್ಕೆ ತಕ್ಕಂತೆ ಕೊಡುತ್ತದೆ. ಪ್ಲೇಟಿನಿಂದ ಅರ್ಧ ಮಿಲಿಮೀಟರ್ ಹೆರೆದು ತೆಗೆದರೆ, ಹೊಸ ಲೈನಿಂಗು ಹಾಕಿಯೂ ಆ ಸ್ಪ್ರಿಂಗಿನ ಪಾಲಿಗೆ ಲೈನಿಂಗು ಅರ್ಧ ಮಿಲಿಮೀಟರ್ ಆಗಲೇ ಸವೆದಂತೆ. ಆ ಸ್ಪ್ರಿಂಗಿನ ಸ್ವಭಾವ ವಿಚಿತ್ರವಾದುದು. ಲೈನಿಂಗು ಸವೆಯುತ್ತ ಹೋದಂತೆ ಅದರ ಬಲ ಮೊದಲು ಸ್ವಲ್ಪ ಏರಿ, ಪೆಡಲು ಕಾಲಿಗೆ ಭಾರವಾಗಿ, ಅನಂತರ ಇಳಿಮುಖವಾಗುತ್ತದೆ. ಪೆಡಲು ಗಟ್ಟಿಯಾಗಿರುವುದರಿಂದ ಕ್ಲಚ್ಚೂ ಗಟ್ಟಿಯಾಗಿದೆಯೆಂದು ಸಂತೋಷಪಡುವವರು ಕೇಳಿಸಿಕೊಳ್ಳತಕ್ಕ ಮಾತಿದು. ಸ್ಪ್ರಿಂಗಿನ ಬೆರಳುಗಳ ತುದಿಯಲ್ಲಿ ರಿಲೀಸ್ ಬೇರಿಂಗು ಉಜ್ಜಿ ಕೊರೆದ ಹೊಳೆಯುವ ಗುಂಡಿಗಳು ಆಳವಾಗಿದ್ದರೂ, ಬೆರಳುಗಳು ಒಂದೇ ಎತ್ತರದಲ್ಲಿ ಇಲ್ಲದಿದ್ದರೂ, ಗ್ರೈಂಡಿಂಗಿನ ಮಾತನ್ನೇ ಬಿಟ್ಟು ಹೊಸದನ್ನು ತರುವುದು ಲೇಸು.

ಫ್ಲೈವೀಲಿನ ಬಗ್ಗೆ ನನ್ನ ತೀರ್ಪು ಇದಕ್ಕೆ ವಿರುದ್ಧವಾದುದು. ಎಫ್355ರ ಫ್ಲೈವೀಲು ಬರಿಯ ಉಕ್ಕಿನ ಗುಂಡಲ್ಲ. ಎಂಜಿನ್ನಿನ ನಡುಕ ಗೇರುಗಳಿಗೆ ಮುಟ್ಟದಂತೆ ತಡೆಯುವ ಏರ್ಪಾಡು ಅದರೊಳಗಿದ್ದು, ದಪ್ಪನೆಯ ವಿಶೇಷ ಗ್ರೀಸು ತುಂಬಿರುತ್ತದೆ. ವರ್ಷಗಳು ಕಳೆದಂತೆ ಸೀಲು ಒಣಗಿ, ಗ್ರೀಸು ಹೊರಕ್ಕೆ ಎರಚಿ, ಗೇರು ನ್ಯೂಟ್ರಲ್ಲಿನಲ್ಲಿದ್ದಾಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಹೊರಡುತ್ತದೆ. ಇಂಥದನ್ನು ಕಂಡು ಫ್ಲೈವೀಲು ಸತ್ತಿತೆಂದು ಘೋಷಿಸಿ, ಹೊಸದರ ಬೆಲೆಯನ್ನು ಎಸ್ಟಿಮೇಟಿಗೆ ಸೇರಿಸಿಬಿಡುವುದು ಸುಲಭ. ಬಿಚ್ಚಿ, ತೊಳೆದು, ಸೀಲುಗಳನ್ನು ಬದಲಿಸಿ, ಸರಿಯಾದ ಗ್ರೀಸನ್ನು ಸರಿಯಾದ ಪ್ರಮಾಣದಲ್ಲಿ ತುಂಬುವುದು ಶ್ರಮದ ಕೆಲಸ. ಒಳಗಿನ ಲೋಹ ಚೆನ್ನಾಗಿದ್ದರೆ ಜೀರ್ಣೋದ್ಧಾರವೇ ಇಲ್ಲಿ ಯೋಗ್ಯವಾದ ಮಾರ್ಗ. ಎಲ್ಲ ಕಾರುಗಳಿಗೂ ಈ ಮಾತು ಅನ್ವಯಿಸದು: ಜರ್ಮನಿಯ ಪೋರ್ಷೆ ಸಂಸ್ಥೆ 1989ರಲ್ಲಿ ಹೊರತಂದ 964 ಮಾದರಿಯ 911ರ ಆರಂಭದ ಕಾರುಗಳಲ್ಲಿ, ಎರಡು ಹೋಳಾಗಿರುವ ಫ್ಲೈವೀಲಿನ ನಡುವೆ ರಬ್ಬರನ್ನು ಇಟ್ಟಿದ್ದರು, ಆ ರಬ್ಬರು ಹರಿಯುತ್ತಿದ್ದುದರಿಂದ ಮುಂದೆ ಉಕ್ಕಿನ ಸ್ಪ್ರಿಂಗುಗಳ ಫ್ಲೈವೀಲು ಬಂತು. ಹರಿದ ರಬ್ಬರಿಗೆ ಪುನರ್ಜನ್ಮವಿಲ್ಲ. ಒಂಟಿ ಗುಂಡಿನ ಸಾದಾ ಫ್ಲೈವೀಲಾದರೆ ಲೇತಿಗೋ ಗ್ರೈಂಡರಿಗೋ ಹಾಕಿ ಮುಖವನ್ನು ಸಮ ಮಾಡಿಸಬಹುದು; ಅದು ಬಟ್ಟಲಿನಾಕಾರದ್ದಾಗಿದ್ದರೆ ಒಳಮುಖದಿಂದ ಎಷ್ಟು ತೆಗೆದರೋ ಅಷ್ಟನ್ನೇ, ಹೊದಿಕೆಯನ್ನು ಬಿಗಿಯುವ ಅಂಚಿನಿಂದಲೂ ತೆಗೆಯಬೇಕು. ಇದನ್ನು ಮರೆತ ಲೇತಿನವನು ಮೇಲೆ ಹೇಳಿದ ಸ್ಪ್ರಿಂಗಿನ ಲೆಕ್ಕವನ್ನೇ ಮತ್ತೆ ಕೆಡಿಸಿರುತ್ತಾನೆ.

ರಿಲೀಸ್ ಬೇರಿಂಗು ಈ ಕಾರಿನಲ್ಲಿ ದಂಡವನ್ನು ಬಳಸಿ ಕುಳಿತಿದೆ. ಪೆಡಲಿನ ಎಣ್ಣೆಯ ಒತ್ತಡ ಅದನ್ನು ನೇರವಾಗಿ ಮುಂದಕ್ಕೆ ತಳ್ಳುತ್ತದೆ. ಒಂದು ಕಡೆ ಗೇರ್‌ಬಾಕ್ಸಿನ ಎಣ್ಣೆ, ಇನ್ನೊಂದು ಕಡೆ ಪೆಡಲಿನ ಎಣ್ಣೆ. ಇವೆರಡನ್ನೂ ಹಿಡಿದಿಟ್ಟಿರುವುದು ರಬ್ಬರಿನ ಕೆಲವು ಸೀಲುಗಳು ಮಾತ್ರ. ಅವು ಸೋತಾಗ ಕೆಳಗೆ ನೆಲದ ಮೇಲೆ ಹನಿ ಬೀಳುತ್ತದೆ, ಪೆಡಲು ಕುಸಿಯುತ್ತದೆ, ಗೇರು ಗರಗರನೆ ಸದ್ದು ಮಾಡುತ್ತ ಬೀಳುತ್ತದೆ. ಕ್ಲಚ್ಚೇ ಹೋಯಿತೆಂದು ಎಲ್ಲರೂ ನಂಬುತ್ತಾರೆ. ಸೀಲುಗಳ ಬೆಲೆ ಇಡೀ ಕ್ಲಚ್ಚಿನ ಬೆಲೆಯೆದುರು ಲೆಕ್ಕಕ್ಕೆ ಬಾರದು. ಕ್ಲಚ್ಚನ್ನು ಬಿಚ್ಚಿದ ಮೇಲೆ ಇವನ್ನು ಬದಲಿಸದೆ ಮುಚ್ಚುವುದು ಮಾತ್ರ ಜಿಪುಣತನದ ಪರಾಕಾಷ್ಠೆ.

ಲೈನಿಂಗ್ ಹೊಡೆಸುವ ಮಾತೇ ಏಳದ ಇನ್ನೊಂದು ತುದಿಯಲ್ಲಿ ನಿಂತಿರುವುದು ಪೋರ್ಷೆ ಕರೇರಾ ಜಿಟಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 2003ರಿಂದ 2006ರವರೆಗೆ ಕಟ್ಟಿದ, ಹತ್ತು ಸಿಲಿಂಡರಿನ, 612 ಅಶ್ವಶಕ್ತಿಯ ಈ ಕಾರಿನ ಕ್ಲಚ್ಚು ಸೆರಾಮಿಕ್ ಸಂಯುಕ್ತದ ಎರಡು ತಟ್ಟೆಗಳದು. ವ್ಯಾಸ 169 ಮಿಲಿಮೀಟರ್, ಅಂದರೆ ಊಟದ ತಟ್ಟೆಗಿಂತಲೂ ಬಹಳ ಚಿಕ್ಕದು. ಚಿಕ್ಕದಾಗಿಸಿದುದಕ್ಕೆ ಕಾರಣ, ಕ್ಲಚ್ಚು ಎಷ್ಟು ಕಿರಿದಾದರೆ ಎಂಜಿನ್ನನ್ನು ನೆಲಕ್ಕೆ ಅಷ್ಟು ಸಮೀಪ ಇಳಿಸಬಹುದೆಂಬುದು. ತಿರುಗುವ ಜಡತ್ವವೂ ಕಡಿಮೆಯಾಗಿ ಎಂಜಿನ್ನು ಬೆದರಿದ ಕುದುರೆಯಂತೆ ಎಗರುತ್ತದೆ. ಇದನ್ನು ಎಬ್ಬಿಸುವಾಗ ಆಕ್ಸಲರೇಟರನ್ನು ಮುಟ್ಟಕೂಡದು, ಕ್ಲಚ್ಚನ್ನಷ್ಟೇ ಮೆಲ್ಲಗೆ ಬಿಡಬೇಕು, ಉಳಿದುದನ್ನು ಎಂಜಿನ್ನಿನ ಗಣಕವೇ ನೋಡಿಕೊಳ್ಳುತ್ತದೆಂಬುದು ಅದನ್ನು ಓಡಿಸುವವರಿಗೆ ಕೊಡುವ ಮೊದಲ ಪಾಠ. ಇಂಥ ಕ್ಲಚ್ಚಿನಲ್ಲಿ ರಿವೆಟ್ಟಿಲ್ಲ, ಅಂಟಿಸಿದ ಲೈನಿಂಗಿಲ್ಲ, ತಟ್ಟೆಯೇ ಲೈನಿಂಗು. ರೇಸಿನ ಕಾರುಗಳ ಬಹುತಟ್ಟೆಯ ಕಾರ್ಬನ್ ಕ್ಲಚ್ಚುಗಳಲ್ಲಾದರೂ ತಟ್ಟೆಗಳು ಎಷ್ಟು ತೆಳುವಾದುವೆಂದು ಅಳೆದು, ಒಂದಿಷ್ಟು ದಪ್ಪನಾದ ಪ್ರೆಷರ್ ಪ್ಲೇಟನ್ನು ಹಾಕಿ ಕೊರತೆಯನ್ನು ತುಂಬಿ, ಅದೇ ತಟ್ಟೆಗಳಿಂದ ಇನ್ನಷ್ಟು ಓಟ ಪಡೆಯುವ ಪದ್ಧತಿಯಿದೆ. ಅಲ್ಲಿ ಪುನರ್ನಿರ್ಮಾಣವೆಂಬುದು ದುರಸ್ತಿಯಲ್ಲ. ತಯಾರಕನೇ ಮೊದಲಿನಿಂದ ಯೋಚಿಸಿಟ್ಟ ಕ್ರಮ. ಹಾಗೆ ಯೋಚಿಸಿ ಮಾಡಿದ ಕ್ಲಚ್ಚನ್ನು ಕಟ್ಟಿಸುವುದಕ್ಕೂ, ಬಳಸಿ ಎಸೆಯಲೆಂದೇ ಮಾಡಿದ ಕ್ಲಚ್ಚನ್ನು ಕಟ್ಟಿಸುವುದಕ್ಕೂ ಇರುವ ಅಂತರವನ್ನು ಒಡೆಯನು ಗಮನಿಸುವುದೇ ಇಲ್ಲ. ಎರಡಕ್ಕೂ ಎಸ್ಟಿಮೇಟಿನಲ್ಲಿ ಇರುವುದು ಒಂದೇ ಸಾಲು.

ಹೊಸದಾಗಲಿ ಹಳೆಯದಾಗಲಿ, ಮರುಜೋಡಣೆಯಲ್ಲಿ ಸಮತೋಲ ಅತ್ಯಗತ್ಯ. ಕೇಂದ್ರದಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಬರಿಯ ಹತ್ತು ಗ್ರಾಂ ಹೆಚ್ಚಿಗೆ ಉಳಿದರೂ, 8250 ಸುತ್ತಿನಲ್ಲಿ ಅದು ಸುಮಾರು 76 ಕಿಲೋಗ್ರಾಂ ತೂಕದ ಬಲದಿಂದ ದಂಡವನ್ನು ಪ್ರತಿಯೊಂದು ಸುತ್ತಿನಲ್ಲೂ ಎಳೆಯುತ್ತದೆ. ಹೊದಿಕೆ ಮತ್ತು ಫ್ಲೈವೀಲುಗಳ ಅಂಚಿನಲ್ಲಿ ಕೊರೆದ ಗುರುತು ಇದಕ್ಕಾಗಿಯೇ. ಅಂಗಗಳನ್ನು ಬದಲಿಸಿದ್ದರೆ ಅಥವಾ ಹೆರೆದಿದ್ದರೆ ಆ ಗುರುತೂ ಸಾಲದು, ಜೋಡಿಯನ್ನು ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಆಮೇಲಿನ ಕೆಲವು ನೂರು ಕಿಲೋಮೀಟರ್ ಲೈನಿಂಗಿನ ಮುಖ ಪ್ಲೇಟಿನ ಮುಖಕ್ಕೆ ಹೊಂದಿಕೊಳ್ಳುವ ಕಾಲ. ಪೌರುಷ ಪ್ರದರ್ಶನಕ್ಕೆ ಅದು ಸಮಯವಲ್ಲ.

1997ರಲ್ಲಿ ಇದೇ ಎಫ್355ರಲ್ಲಿ ಬಂದ ಎಫ್1 ಗೇರ್‌ಬಾಕ್ಸಿನ ಕಾರುಗಳಲ್ಲಿ ಪೆಡಲೇ ಇಲ್ಲ; ಕ್ಲಚ್ಚನ್ನು ಯಂತ್ರವೇ ತುಳಿಯುತ್ತದೆ. ಈ ಪರಂಪರೆಯ ಫೆರಾರಿಗಳಲ್ಲಿ ಕ್ಲಚ್ಚು ಶೇಕಡಾ ಎಷ್ಟು ಸವೆದಿದೆಯೆಂದು ಪರೀಕ್ಷಾಯಂತ್ರಕ್ಕೆ ಜೋಡಿಸಿ ಓದಬಹುದು, ಮಾರಾಟದ ಸಮಯದಲ್ಲಿ ಆ ಅಂಕಿಯನ್ನು ಜಾತಕದಂತೆ ತೋರಿಸುವುದೂ ಉಂಟು. ಆದರೆ ಆ ಅಂಕಿ ಲೈನಿಂಗನ್ನು ಅಳೆದು ಬಂದುದಲ್ಲ; ಬೇರಿಂಗು ಎಲ್ಲಿ ನಿಂತಿದೆಯೆಂಬುದರಿಂದ, ಹೊಸದಿದ್ದಾಗ ಬರೆದಿಟ್ಟ ನೆಲೆಯೊಂದಿಗೆ ಹೋಲಿಸಿ ಬಂದುದು. ಫ್ಲೈವೀಲನ್ನು ಹೆರೆದ ಮೇಲೆ ಅಥವಾ ಹೊಸ ಕ್ಲಚ್ಚನ್ನು ಹಾಕಿದ ಮೇಲೆ ಆ ನೆಲೆಯನ್ನೂ, ಪ್ಲೇಟು ಮೊದಲು ಹಿಡಿಯತೊಡಗುವ ಬಿಂದುವನ್ನೂ ಯಂತ್ರಕ್ಕೆ ಮತ್ತೆ ಕಲಿಸದೆ ಬಿಟ್ಟಿದ್ದರೆ, ಪರದೆಯ ಮೇಲಿನ ಶೇಕಡಾ ಮೂವತ್ತಕ್ಕೆ ಏನೂ ಅರ್ಥವಿಲ್ಲ. ಕೊಳ್ಳುವವನು ಅಂಕಿಯನ್ನು ನೋಡುವ ಮೊದಲು, ಕ್ಲಚ್ಚಿಗೆ ಕೈಹಾಕಿದ ದಿನದ ಬಿಲ್ಲನ್ನು ತರಿಸಿ, ಈ ಹೊಂದಾಣಿಕೆಯ ಸಾಲು ಅದರಲ್ಲಿದೆಯೇ ಎಂದು ಓದಿಕೊಳ್ಳಬೇಕು. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಡುವಂತೆ ಕೇಳಿ, ಬೆಲೆಯ ಮಾತನ್ನು ಆಮೇಲೆ ಎತ್ತಬಹುದು.